ಎಡಗೈ ಗಂಟು

ನನ್ನ ವ್ಯಾನಿನ ರೇಡಿಯೋ ಪೂರ್ತಿ ಕೆಟ್ಟುಹೋಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಕೆಟ್ಟ ರೇಡಿಯೋ ಬಾಯಿ ಮುಚ್ಚಿಕೊಂಡಿರುತ್ತದೆ. ಇದು ಚೆನ್ನಾಗಿ ಹಾಡುತ್ತಾ ಹಾಡುತ್ತಾ ನಡುವೆ ‘ಟಿಟಿಟ್ ಟಿಟಿಟ್ ಟಿಟಿಟ್, ಬುರ್ರ್’ ಎಂದು ಗೊರಗುಟ್ಟುತ್ತಿತ್ತು, ತಗಡಿನ ಡಬ್ಬಿಯಲ್ಲಿ ಹುಣಸೆ ಬೀಜ ಹಾಕಿ ಅಲ್ಲಾಡಿಸಿದ ಹಾಗೆ. ಸ್ವಲ್ಪ ಹೊತ್ತು ನಿಲ್ಲುವುದು. ಅಬ್ಬಾ, ಮುಗಿಯಿತು ಎಂದು ಹಾಡಿಗೆ ಕಿವಿ ಕೊಟ್ಟರೆ ಮತ್ತೆ ಅದೇ ಗೋಳು. ಒಂದೆರಡು ಸಲ ಸಿಟ್ಟಿನಲ್ಲಿ ಡ್ಯಾಶ್‌ಬೋರ್ಡಿಗೆ ಗುದ್ದಿದ್ದೂ ಉಂಟು. ನೋವಾದದ್ದು ನನ್ನ ಕೈಗೇ.

ನಾನು ರಂಜಿತಾ, ಹೂವಿನವಳು. ಮುರ್ಡೇಶ್ವರದ ಆಚೀಚೆಯ ಮನೆಗಳ ಹೆಂಗಸರು ನಸುಕಿನಲ್ಲಿ ಮಲ್ಲಿಗೆ ಮೊಗ್ಗು ಕೊಯ್ದು ಮಾಲೆ ಕಟ್ಟಿಡುತ್ತಾರೆ. ಅದನ್ನು ಮನೆಮನೆಯಿಂದ ಎತ್ತಿಕೊಂಡು ಹೊನ್ನಾವರದ ಅಂಗಡಿಗಳಿಗೆ ಕೊಟ್ಟು, ಉಳಿದದ್ದನ್ನು ಕುಮಟೆಗೆ ಮುಟ್ಟಿಸುವುದು ನನ್ನ ಕೆಲಸ. ನನ್ನ ಅಮ್ಮ ನಾಗಿ ಇದೇ ಕೆಲಸವನ್ನು ತಲೆಯ ಮೇಲೆ ಬುಟ್ಟಿ ಹೊತ್ತು, ಬಸ್ಸಿನ ಕಂಡಕ್ಟರನ ಹತ್ತಿರ ಜಗಳ ಮಾಡಿಕೊಂಡು ಮಾಡುತ್ತಿದ್ದಳು. ನಾನು ಹಳೆಯ ವ್ಯಾನೊಂದನ್ನು ತೆಗೆದುಕೊಂಡು, ಲೈಸೆನ್ಸು ಮಾಡಿಸಿ, ಸ್ಟೇರಿಂಗ್ ಹಿಡಿದೆ. ನಮ್ಮೂರಲ್ಲಿ ಕೆಲವರ ಬಾಯಿಗೆ ಅದೇ ಒಂದು ಮಳೆಗಾಲಕ್ಕೆ ಸಾಕಾಯಿತು.

ಮಾಲೆ ಕಟ್ಟಲು ಬಾಳೆನಾರು ಬೇಕು. ಒಳ್ಳೆಯ ನಾರು ನನಗೆ ಸಿಗುವುದು ಕತಗಾಲದ ಒಂದು ತೋಟದ ಮನೆಯಲ್ಲಿ. ನಾರು ಮುಗಿದಾಗಲೆಲ್ಲ ಕುಮಟೆಯಲ್ಲಿ ಹೂ ಇಳಿಸಿ, ಸಿರ್ಸಿ ರಸ್ತೆ ಹಿಡಿದು ಅಲ್ಲಿಗೆ ಹೋಗುತ್ತೇನೆ. ಆ ಮನೆಯ ಅಮ್ಮ ಜಗಲಿಯಿಂದಲೇ "ನಾರು ಇದ್ದು, ಕೂತ್ಗ, ಈಗ ಬತ್ತೆ" ಎನ್ನುತ್ತಾರೆ, ಕಟ್ಟು ತಂದು ಕೊಡುತ್ತಾರೆ. ತಿರುಗಿ ಬರುವಾಗ ಹೊಳೆಯ ಬದಿಗೆ ಒಂದು ದೊಡ್ಡ ಮಾವಿನ ಮರ ಸಿಗುತ್ತದೆ. ಅದರ ನೆರಳಿಗೆ ವ್ಯಾನು ನಿಲ್ಲಿಸಿ, ಸೀಟು ಹಿಂದಕ್ಕೆ ಬಾಗಿಸಿ, ಚಪ್ಪಲಿ ಬಿಟ್ಟು, ರೇಡಿಯೋ ಹಾಕಿಕೊಂಡು ಒಂದು ತಾಸು ಕೂರುತ್ತೇನೆ. ಅಷ್ಟೇ. ಯಾರೂ ಬರುವುದಿಲ್ಲ, ಏನೂ ನಡೆಯುವುದಿಲ್ಲ. ಮನೆಯಲ್ಲಿ ನಾನು ಹೆಂಡತಿ, ಅಂಗಡಿಗಳಲ್ಲಿ ಹೂವಿನವಳು, ಅತ್ತೆಗೆ ಗಾಡಿ ಓಡಿಸುವ ಸೊಸೆ. ಆ ಮರದ ಕೆಳಗೆ ನಾನು ಯಾರಿಗೂ ಏನೂ ಅಲ್ಲ. ಆ ಒಂದು ತಾಸು ನನ್ನದು, ಬೇರೆ ಯಾರದೂ ಅಲ್ಲ.

ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳಿದರೆ ಅದು ಉಳಿಯುತ್ತಿರಲಿಲ್ಲ. ಹೊಳೆಯ ಬದಿಗೆ ಒಬ್ಬಳೇ ಸುಮ್ಮನೆ ಕೂತಿದ್ದೆ ಎಂದರೆ ಯಾವ ಗಂಡಸು ನಂಬುತ್ತಾನೆ? ನನ್ನ ಗಂಡ ದಿವಾಕರ ಮುರ್ಡೇಶ್ವರದ ಒಂದು ಹೋಟೆಲಿನಲ್ಲಿ ಸೂಪರ್‌ವೈಸರ್. ಹೋಟೆಲಿನಲ್ಲಿ ರೂಮು ರೂಮಿನ ಲೆಕ್ಕ ಕೇಳಿ ಕೇಳಿ ಅಭ್ಯಾಸವಾಗಿ ಮನೆಗೆ ಬಂದ ಮೇಲೂ ಕೇಳುತ್ತಲೇ ಇರುತ್ತಾನೆ. ಎಲ್ಲಿಗೆ ಹೋಗಿದ್ದೆ, ಯಾರು ಸಿಕ್ಕಿದರು, ಇಷ್ಟು ಹೊತ್ತು ಯಾಕೆ. ಮದುವೆಯಾದ ಹೊಸತರಲ್ಲಿ ಅಳು ಬರುತ್ತಿತ್ತು. ಆಮೇಲೆ ಹಲ್ಲುನೋವಿನ ಹಾಗೆ ಅದೂ ಅಭ್ಯಾಸವಾಯಿತು.

ಲೆಕ್ಕ ಕೇಳದ ಒಬ್ಬನೇ ಒಬ್ಬ ಇದ್ದ. ನನ್ನ ತಮ್ಮ ಗಿರೀಶ.

ಗಿರೀಶನದು ಹೊನ್ನಾವರದಲ್ಲಿ ಗಾಡಿಗಳ ವೈರಿಂಗ್ ಕೆಲಸದ ಅಂಗಡಿ. ದಿವಾಕರನ ಹತ್ತಿರ ಜಗಳವಾದ ದಿನ ನಾನು ಹೋಗಿ ಕೂರುತ್ತಿದ್ದದ್ದು ಅವನ ಅಂಗಡಿಯ ಮುರುಕು ಸ್ಟೂಲಿನ ಮೇಲೆ. ಅವನು ಎಂತ ಆತು ಎಂದು ಕೇಳುತ್ತಲೂ ಇರಲಿಲ್ಲ. ಚಾ ತರಿಸಿ, ಮುಂದಿಟ್ಟು, ಮತ್ತೆ ಯಾವುದೋ ರಿಕ್ಷಾದ ಹೊಟ್ಟೆಗೆ ತಲೆ ತೂರಿಸುತ್ತಿದ್ದ. ನಾನು ಚಾ ಕುಡಿದು, ಸುಧಾರಿಸಿಕೊಂಡು ಎದ್ದು ಬರುತ್ತಿದ್ದೆ. ಬೆನ್ನಿಗೆ ಒಬ್ಬ ತಮ್ಮನಿದ್ದಾನೆ ಎಂಬ ಧೈರ್ಯದ ಮೇಲೆಯೇ ನಾನು ಇಷ್ಟು ವರ್ಷ ನೆಟ್ಟಗೆ ನಿಂತಿದ್ದೆ ಎಂದರೆ ಸುಳ್ಳಲ್ಲ.

ಅವನು ಎಡಚ. ಚಿಕ್ಕವನಿದ್ದಾಗ ಅಮ್ಮ ನಮ್ಮಿಬ್ಬರನ್ನೂ ಹೂವಿನ ರಾಶಿಯ ಮುಂದೆ ಕೂರಿಸುತ್ತಿದ್ದಳು. ಪಕ್ಕದಲ್ಲಿ ಅವಳ ಹಳೆಯ ಟ್ರಾನ್ಸಿಸ್ಟರ್ ಹಾಡುತ್ತಿರುತ್ತಿತ್ತು. ನನಗೆ ಮಾಲೆ ಕಟ್ಟುವುದು ಬೇಗ ಬಂತು. ಅವನಿಗೆ ಬರಲಿಲ್ಲ. ಅಮ್ಮ ಅವನ ಬಲಗೈ ಹಿಡಿದು ಕಲಿಸುವಳು, ಅವನ ಎಡಗೈ ಮುಂದೆ ಬರುವುದು, ಅಮ್ಮ ಕೈಯ ಮೇಲೆ ಒಂದು ಕೊಡುವಳು, ಅವನು ಅಳುವನು. ಕಡೆಗೆ ನಾನೇ ಅವನ ಎದುರಿಗೆ ಕನ್ನಡಿಯ ಹಾಗೆ ಕೂತು, ನನ್ನ ಬಲಗೈ ಮಾಡಿದ್ದನ್ನು ಅವನ ಎಡಗೈ ಮಾಡುವ ಹಾಗೆ ಕಲಿಸಿದೆ. ನಮ್ಮೆಲ್ಲರ ಕುಣಿಕೆ ಬಲಕ್ಕೆ ವಾಲಿದರೆ ಅವನದು ಎಡಕ್ಕೆ ವಾಲುತ್ತಿತ್ತು. ಬಿಚ್ಚಿಹೋದರೆ ಅಮ್ಮ ಬೈಯುತ್ತಾಳೆ ಎಂಬ ಹೆದರಿಕೆಗೆ, ಬಿಗಿಯುವ ಮೊದಲು ಇನ್ನೊಂದು ಸುತ್ತು ಸುತ್ತುತ್ತಿದ್ದ. ಅವನ ಮಾಲೆಯನ್ನು ಕಣ್ಣುಮುಚ್ಚಿ ಮುಟ್ಟಿದರೂ ಗೊತ್ತಾಗುತ್ತಿತ್ತು.

ಆ ಗಂಟು ಅವನ ಕಸುಬಿಗೂ ಹೋಯಿತು. ಬೇರೆಯವರು ವೈರುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯುತ್ತಾರೆ. ಕಡಲ ಬದಿಯ ಬಿಸಿಲಿಗೆ, ಉಪ್ಪುಗಾಳಿಗೆ ಆ ಪಟ್ಟಿಗಳು ಒಣಗಿ ಮುರಿಯುತ್ತವೆ ಎಂದು ಗಿರೀಶ ಬಂದರಿನಿಂದ ಬಲೆ ಹೆಣೆಯುವ ನೂಲು ತಂದು, ಹೂ ಕಟ್ಟಿದ ಹಾಗೆಯೇ ವೈರು ಕಟ್ಟುತ್ತಿದ್ದ. "ಗಿರೀಶಣ್ಣ ಗಾಡಿಗೆ ಹೂ ಮುಡಿಸ್ತ" ಎಂದು ರಿಕ್ಷಾದವರು ತಮಾಷೆ ಮಾಡುತ್ತಿದ್ದರು. ನನಗೆ ಕೇಳಿ ಹೆಮ್ಮೆಯಾಗುತ್ತಿತ್ತು.

ಹೀಗಿರುವಾಗ ರೇಡಿಯೋ ಗೊರಗುಟ್ಟಿದರೆ ನಾನು ಬೇರೆ ಯಾರ ಹತ್ತಿರ ಹೋಗಲಿ? ವ್ಯಾನಿನ ಹೆಡ್‌ಲೈಟ್ ರಿಪೇರಿಯನ್ನು ಅವನಲ್ಲೇ ಮಾಡಿಸಿಕೊಂಡು ಬಂದ ಮರುದಿನದಿಂದ ಈ ಸದ್ದು ಶುರುವಾಗಿತ್ತು. ಹೋಗಿ ಹೇಳಿದೆ. ಗಿರೀಶ ಬಾನೆಟ್ ಎತ್ತಿ, ಇಂಜಿನ್ ಚಾಲೂ ಮಾಡಿಸಿ, ತಲೆ ಓರೆಮಾಡಿ ಕೇಳಿದ.

"ಆಲ್ಟರ್ನೇಟರ್ ಸದ್ದು ಅಕ್ಕಾ. ಬ್ಯಾಟರಿ ಚಾರ್ಜ್ ಮಾಡ್ತದಲ್ಲ, ಅದ್ರ ಸದ್ದು ವೈರ್ ಹಿಡ್ಕಂಡು ರೇಡಿಯೋಕ್ಕೆ ಬರ್ತದೆ. ಒಂದು ಫಿಲ್ಟರ್ ಹಾಕ್ತೆ, ಸರಿ ಆತದೆ."

ಫಿಲ್ಟರ್ ಹಾಕಿದ. ಸದ್ದು ಹೋಗಲಿಲ್ಲ. ಮುಂದಿನ ವಾರ ಹೋದಾಗ ಅರ್ಥಿಂಗ್ ಸರಿ ಇಲ್ಲ ಎಂದು ರೇಡಿಯೋದ ಬೆನ್ನಿನಿಂದ ಹೊಸ ವೈರು ಎಳೆದು ವ್ಯಾನಿನ ತಗಡಿಗೆ ಕಚ್ಚಿಸಿದ. ಆಮೇಲೆ ಆಂಟೆನಾ ತುಕ್ಕು ಹಿಡಿದಿದೆ ಎಂದು ಅದನ್ನೂ ಬದಲಿಸಿದ. ನಾನು ಬದಿಗೆ ನಿಂತು ಟಾರ್ಚ್ ಹಿಡಿದೆ. ಒಮ್ಮೆ ಎಡಬದಿಯ ಡಬ್ಬಿಯ ಹತ್ತಿರ, ನಾನು ಕಾಗದಪತ್ರ ಇಡುವ ಕಡೆ, ಬೆಳಕು ಬಿಟ್ಟೆ.

"ಆ ಬದಿ ಬ್ಯಾಡ ಅಕ್ಕಾ, ಅಲ್ಲಿ ಎಂತ ಇಲ್ಲ. ಈ ಬದಿ ಹಿಡಿ" ಎಂದ.

ಈ ಬದಿಗೆ ಹಿಡಿದೆ. ಅವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ನನ್ನ ಸಲುವಾಗಿ ಪಾಪ ಎಷ್ಟು ಒದ್ದಾಡುತ್ತಾನೆ ಎಂದು ಸೆರಗಿನಿಂದ ಒರೆಸಿದೆ. ಈಗ ಅದನ್ನು ನೆನೆದರೆ ಆ ಸೆರಗನ್ನು ಒಲೆಗೆ ಹಾಕಬೇಕು ಅನ್ನಿಸುತ್ತದೆ.

ಕಡೆಗೆ ಅವನು ಕೈಚೆಲ್ಲಿದ. "ಈಗ ಎಲ್ಲಾ ಕಡೆ ಟವರ್ ಅದ್ಯಲ್ಲ ಅಕ್ಕಾ, ಹೈವೇ ಉದ್ದಕ್ಕೂ. ಅದ್ರ ಸದ್ದು. ನಿನ್ನ ಫೋನಿಂದೂ ಇರ್ಬೋದು. ರೇಡಿಯೋ ಎಂತಕ್ಕೆ, ಪೆನ್‌ಡ್ರೈವ್ ಹಾಕಿ ಹಾಡು ಕೇಳು."

"ಪೆನ್‌ಡ್ರೈವ್ ನನ್ನ ಹತ್ರ ಮಾತಾಡ್ತದನಾ?" ಎಂದೆ. ಅವನು ನಕ್ಕ. ನಾನೂ ನಕ್ಕೆ.

ಆ ವಾರದಲ್ಲೇ ಇನ್ನೊಂದು ಘಟನೆ ನಡೆಯಿತು. ಬೆಳಿಗ್ಗೆ ಹೊರಡುವಾಗ ಕುಮಟೆಗೆ ಮಾತ್ರ ಎಂದು ದಿವಾಕರನಿಗೆ ಹೇಳಿ ಹೋಗಿದ್ದೆ. ಅಲ್ಲಿ ಮದುವೆಯ ಆರ್ಡರ್ ಒಂದು ಬಂದು, ನಾರು ಸಾಲದೆ ಕತಗಾಲಕ್ಕೆ ಹೋಗಿಬಂದೆ. ಸಂಜೆ ಚಾ ಕುಡಿಯುತ್ತಾ ಅವನು ಕೇಳಿದ, "ಕತಗಾಲದ ರಸ್ತೆ ರಿಪೇರಿ ಮುಗೀತಾ?"

"ನಾ ಕತಗಾಲಕ್ಕೆ ಹೋದದ್ದು ನಿಮಗೆ ಯಾರು ಹೇಳಿದ್ರು?"

"ನಾರು ತಂದಿದ್ಯಲ್ಲ, ಅದ್ಕೇ ಕೇಳ್ದೆ" ಎಂದು ಚಾಕ್ಕೆ ಬಾಯಿಟ್ಟ.

ನಾರಿನ ಕಟ್ಟು ಇನ್ನೂ ವ್ಯಾನಿನಲ್ಲೇ, ಗೋಣಿಯ ಕೆಳಗೆ ಇತ್ತು. ಅವನು ಅಂಗಳಕ್ಕೆ ಇಳಿದಿರಲೇ ಇಲ್ಲ. ಕುಮಟೆಯ ಅಂಗಡಿಯವರು ಯಾರೋ ಬಾಯಿಬಿಟ್ಟಿರಬೇಕು ಎಂದುಕೊಂಡು ಅವರನ್ನೇ ಮನಸ್ಸಿನಲ್ಲಿ ಬೈದೆ.

ಮುಂದಿನ ಸಲ ಮಾವಿನ ಮರದ ಕೆಳಗೆ ಕೂತಾಗ ಆ ಸದ್ದು ನನ್ನ ತಲೆ ತಿಂದುಹಾಕಿತು. ಅಮ್ಮನಿಗೆ ಇಷ್ಟವಾಗಿದ್ದ ಒಂದು ಹಾಡು ಬರುತ್ತಿತ್ತು, ಪಲ್ಲವಿಗೆ ಸರಿಯಾಗಿ ‘ಟಿಟಿಟ್ ಟಿಟಿಟ್’. ಸೀಟು ನೆಟ್ಟಗೆ ಮಾಡಿ ಕೂತೆ. ಆಗಲೇ ತಲೆಗೆ ಹೊಳೆದದ್ದು. ಇಂಜಿನ್ ಬಂದ್ ಆಗಿದೆ. ಕೀಲಿ ಅರ್ಧಕ್ಕೆ ತಿರುಗಿಸಿ ಬರೀ ರೇಡಿಯೋ ಹಾಕಿಕೊಂಡಿದ್ದೇನೆ. ಇಂಜಿನ್ನೇ ತಿರುಗದಿದ್ದರೆ ಆಲ್ಟರ್ನೇಟರ್ ಎಲ್ಲಿಂದ ಸದ್ದು ಮಾಡುತ್ತದೆ? ಫೋನನ್ನು ಬಂದ್ ಮಾಡಿ, ಇಳಿದು ಹೋಗಿ ಮರದ ಬುಡದಲ್ಲಿಟ್ಟು ಬಂದೆ. ಸದ್ದು ಬಂತು. ಸುತ್ತ ಕಣ್ಣಾಡಿಸಿದೆ. ಯಾವ ಟವರೂ ಕಾಣಲಿಲ್ಲ.

ಇದನ್ನೆಲ್ಲ ನನಗೆ ಕಲಿಸಿದವನು ಗಿರೀಶನೇ. ಅವನು ಕಸುಬು ಕಲಿಯುವ ದಿನಗಳಲ್ಲಿ ಮನೆಗೆ ಬಂದು ಗುರುಗಳ ಹಾಗೆ ಪಾಠ ಒಪ್ಪಿಸುತ್ತಿದ್ದ. ಮೊದಲು ಇಂಜಿನ್ ಬಂದ್ ಮಾಡಿ ಕೇಳಬೇಕು, ಆಗಲೂ ಸದ್ದು ಬಂದರೆ ಇಂಜಿನ್ನಿನ ಮೇಲೆ ತಪ್ಪು ಹೊರಿಸಬಾರದು. ಇಂಜಿನ್ನಿನದಾದರೆ ಆಕ್ಸಿಲರೇಟರ್ ಒತ್ತಿದ ಹಾಗೆ ಸದ್ದೂ ಏರಬೇಕು. ಎಲ್ಲಿಂದ ಬರುತ್ತದೆ ಎಂದು ಗೊತ್ತಾಗದಿದ್ದರೆ ಒಂದು ಸಣ್ಣ ಟ್ರಾನ್ಸಿಸ್ಟರನ್ನು ಸ್ಟೇಷನ್ ಇಲ್ಲದ ಕಡೆ ಇಟ್ಟು, ಗಾಡಿಯ ಒಳಗೆಲ್ಲ ಆಡಿಸಬೇಕು. ಸದ್ದು ಜೋರಾದ ಕಡೆ ಕಳ್ಳ ಇದ್ದಾನೆ. ತಮ್ಮ ತನ್ನ ಪಾಠವನ್ನೇ ಮರೆತನಲ್ಲ ಎಂದು ನನಗೆ ನಗು ಬಂತು. ನಾನೇ ಕಂಡುಹಿಡಿದು, ಅವನ ಅಂಗಡಿಗೆ ಹೋಗಿ, ರಿಕ್ಷಾದವರ ಎದುರಿಗೆ ಸರಿಯಾಗಿ ಕಾಲೆಳೆಯಬೇಕು ಎಂದು ನಿಶ್ಚಯಿಸಿದೆ. ದೇವರಾಣೆಗೂ ಆಗ ನನ್ನ ಮನಸ್ಸಿನಲ್ಲಿ ಇದ್ದದ್ದು ಅಷ್ಟೇ.

ಭಾನುವಾರ ಮಧ್ಯಾಹ್ನ ದಿವಾಕರ ಡ್ಯೂಟಿಗೆ ಹೋದ ಮೇಲೆ ಅಟ್ಟದಿಂದ ಅಮ್ಮನ ಟ್ರಾನ್ಸಿಸ್ಟರ್ ಇಳಿಸಿದೆ. ಸೆಲ್ ಹಾಕಿದರೆ ಇನ್ನೂ ಜೀವ ಇತ್ತು. ವ್ಯಾನಿನ ಕೀಲಿ ತಿರುಗಿಸಿ, ಟ್ರಾನ್ಸಿಸ್ಟರನ್ನು ಕೈಯಲ್ಲಿ ಹಿಡಿದು ಸ್ಟೇರಿಂಗಿನ ಕೆಳಗೆ, ಸೀಟಿನ ಸಂದಿಯಲ್ಲಿ, ರೇಡಿಯೋದ ಬೆನ್ನಿಗೆ ಆಡಿಸಿದೆ. ಬರೀ ಸುಂಯ್ ಎನ್ನುತ್ತಿತ್ತು. ಎಡಬದಿಯ ಡಬ್ಬಿಯ ಹತ್ತಿರ ತಂದೆ. ಸ್ವಲ್ಪ ಹೊತ್ತಿಗೆ ‘ಟಿಟಿಟ್ ಟಿಟಿಟ್’ ಎಂದು ಅಮ್ಮನ ಟ್ರಾನ್ಸಿಸ್ಟರ್ ಕೈಯಲ್ಲೇ ಅರಚಿಕೊಂಡಿತು.

ಗಿರೀಶ ಬೆಳಕು ಬಿಡಬೇಡ ಎಂದಿದ್ದ ಬದಿ.

ಸ್ಕ್ರೂ ಬಿಚ್ಚಿ ಡಬ್ಬಿಯನ್ನು ಕೆಳಗಿಳಿಸಿದೆ. ಹಿಂದೆ ವೈರುಗಳ ಕಟ್ಟಿನ ನಡುವೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕಪ್ಪು ಪೆಟ್ಟಿಗೆಯೊಂದು ಅಡಗಿ ಕೂತಿತ್ತು. ಅದರಲ್ಲೊಂದು ಹಸಿರು ದೀಪ ಮಿಣುಕುತ್ತಿತ್ತು. ನನಗೆ ಅದು ಹೊಸತಲ್ಲ. ಮುರ್ಡೇಶ್ವರದ ಟೂರಿಸ್ಟ್ ಗಾಡಿಗಳಿಗೆ ಮಾಲೀಕರು ಹಾಕಿಸುವುದನ್ನು ನೋಡಿದ್ದೇನೆ. ಒಳಗೆ ಸಿಮ್ ಇರುತ್ತದೆ. ಗಾಡಿ ಎಲ್ಲಿ ಹೋಯಿತು, ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಎಂದು ಮೊಬೈಲಿಗೆ ಸುದ್ದಿ ಕಳಿಸುತ್ತಲೇ ಇರುತ್ತದೆ. ಅದು ಸುದ್ದಿ ಕಳಿಸಿದಾಗಲೆಲ್ಲ ನನ್ನ ರೇಡಿಯೋ ಗೊರಗುಟ್ಟುತ್ತಿತ್ತು.

ಮೈಯೆಲ್ಲ ಉರಿದುಹೋಯಿತು. ದಿವಾಕರಾ, ನೀನು ಇಷ್ಟಕ್ಕೆ ಇಳಿದೆಯಾ ಎಂದು ಗಟ್ಟಿಯಾಗಿಯೇ ಹೇಳಿದೆ. ಕತಗಾಲದ ರಸ್ತೆ ನೆನಪಾಯಿತು. ಬಾಯಿಗೆ ಬಂದ ಹಾಗೆ ಬೈದೆ, ಅಂಗಳದ ಕೋಳಿಗಳು ದೂರ ಓಡಿದವು. ಬೈಯುತ್ತಲೇ ಪೆಟ್ಟಿಗೆಯನ್ನು ಕಿತ್ತುಬಿಡೋಣ ಎಂದು ಕೈ ಹಾಕಿದೆ. ಬೆರಳಿಗೆ ನೂಲು ತಾಗಿತು.

ಬಲೆ ಹೆಣೆಯುವ ನೂಲು. ಸಾಲಾಗಿ ಕುಣಿಕೆಗಳು. ಕಣ್ಣಿಗಿಂತ ಮೊದಲು ನನ್ನ ಬೆರಳಿಗೆ ಗೊತ್ತಾಯಿತು. ಆದರೂ ಟಾರ್ಚ್ ತಂದು ನೋಡಿದೆ. ಒಂದೊಂದು ಕುಣಿಕೆಯೂ ಎಡಕ್ಕೆ ವಾಲಿತ್ತು. ಒಂದೊಂದಕ್ಕೂ ಇನ್ನೊಂದು ಸುತ್ತು ಇತ್ತು.

ವ್ಯಾನಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಗಂಡನ ಸಂಶಯಕ್ಕೆ ನನ್ನ ಹತ್ತಿರ ಸಿಟ್ಟು ಇತ್ತು. ಇದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಅಳು ಬಂತು, ಅತ್ತುಬಿಟ್ಟೆ. ಫಿಲ್ಟರ್, ಅರ್ಥಿಂಗ್, ಆಂಟೆನಾ ಎಂದು ವಾರಗಟ್ಟಲೆ ನನ್ನ ಕಣ್ಣಿಗೆ ಮಣ್ಣೆರಚಿದ್ದಾನೆ. ಸದ್ದು ಎಲ್ಲಿಂದ ಬರುತ್ತದೆ ಎಂದು ಮೊದಲ ದಿನದಿಂದ ಗೊತ್ತಿದ್ದವನು ನನ್ನ ಎದುರಿಗೆ ಬೆವರು ಸುರಿಸಿಕೊಂಡು ಹುಡುಕಿದ್ದಾನೆ. ಹೂ ಕಟ್ಟಲು ನಾನು ಎದುರಿಗೆ ಕೂತು ಕಲಿಸಿದ ಗಂಟಿನಿಂದಲೇ ನನ್ನ ಬೆನ್ನಿಗೆ ಚೂರಿ ಹಾಕಿದ್ದಾನೆ. ಪ್ಲಾಸ್ಟಿಕ್ ಪಟ್ಟಿ ಹಾಕಿದ್ದರೆ ನಾನು ಸಾಯುವವರೆಗೆ ಅವನನ್ನು ನಂಬಿಕೊಂಡಿರುತ್ತಿದ್ದೆ. ಆದರೆ ಅವನಿಗೆ ಬೇರೆ ರೀತಿ ಕಟ್ಟಿ ಗೊತ್ತಿಲ್ಲ.

ನೂಲನ್ನು ಕತ್ತರಿಸಲಿಲ್ಲ. ಆ ಗಂಟು ಬಿಚ್ಚಲು ಎಡಗೈಯಿಂದ ಎಳೆಯಬೇಕು. ಎಳೆದೆ, ಒಂದೊಂದಾಗಿ ಬಿಚ್ಚಿಕೊಂಡಿತು. ವೈರುಗಳ ಜೋಡಣೆ ಬಿಡಿಸಿ ತುದಿಗೆ ಟೇಪು ಸುತ್ತಿದೆ. ಪೆಟ್ಟಿಗೆಯ ಒಳಗೆ ಅದರದೇ ಬ್ಯಾಟರಿ ಇರಬೇಕು, ದೀಪ ಮಿಣುಕುತ್ತಲೇ ಇತ್ತು. ಅದನ್ನು ವ್ಯಾನಿನಲ್ಲೇ ಸೀಟಿನ ಕೆಳಗೆ ತುರುಕಿದೆ. ಆ ಸಂಜೆ ದಿವಾಕರ ಬಂದಾಗ ಚಾ ಮಾಡಿ ಕೊಟ್ಟೆ. ಒಂದು ಮಾತೂ ಆಡಲಿಲ್ಲ. ಮೊದಲು ಗಿರೀಶನ ಮುಖ ನೋಡಬೇಕಾಗಿತ್ತು.

ಸೋಮವಾರ ಹೊನ್ನಾವರದ ಅಂಗಡಿಗಳಿಗೆ ಹೂ ಕೊಟ್ಟು ಅವನಲ್ಲಿಗೆ ಹೋದೆ. ಬಾಳೆ ಎಲೆಯಲ್ಲಿ ಆ ಪೆಟ್ಟಿಗೆ ಇಟ್ಟು, ಮೇಲೆ ಒಂದು ಮೊಳ ಮಲ್ಲಿಗೆ ಸುತ್ತಿಟ್ಟು, ಪೊಟ್ಟಣ ಕಟ್ಟಿಕೊಂಡಿದ್ದೆ. ಗಿರೀಶ ಬೆಂಚಿನ ಮೇಲೆ ಯಾರದೋ ಕಾರಿನ ಸ್ಪೀಕರುಗಳನ್ನು ಹಾಡುಹಾಕಿ ಪರೀಕ್ಷೆ ಮಾಡುತ್ತಿದ್ದ. ನನ್ನನ್ನು ಕಂಡು ಹಾಡು ನಿಲ್ಲಿಸಿದ, ಸ್ಪೀಕರುಗಳು ಚಾಲೂ ಇದ್ದವು.

"ಬಾ ಅಕ್ಕಾ. ಚಾ ಹೇಳ್ಲಾ?"

"ಬ್ಯಾಡ. ಅಂಕಿತಾಗೆ ಹೂ ತಂದಿದ್ದೆ" ಎಂದು ಪೊಟ್ಟಣವನ್ನು ಸ್ಪೀಕರಿನ ಪಕ್ಕದಲ್ಲಿಟ್ಟೆ. ಅಂಕಿತಾ ಅವನ ಹೆಂಡತಿ. "ರೇಡಿಯೋ ಸದ್ದು ಇನ್ನೂ ಹೋಗ್ಲಿಲ್ಲ ತಮಾ. ಒಂದ್ಸಲ ಸರಿಯಾಗಿ ನೋಡು. ಎಂತ ಇದ್ರೂ ನಂಗೆ ಹೇಳು."

ಎಂತ ಇದ್ರೂ ನಂಗೆ ಹೇಳು ಎಂದಾಗ ಅವನ ಕಣ್ಣನ್ನೇ ನೋಡಿದೆ. ಈಗಲಾದರೂ ಹೇಳಿಬಿಡು ಎಂದು ಒಳಗೆ ಬೇಡಿಕೊಳ್ಳುತ್ತಿದ್ದೆ. ಹೇಳಿಬಿಟ್ಟಿದ್ದರೆ ಬೈಯುತ್ತಿದ್ದೆ, ಒಂದು ಕೊಡುತ್ತಿದ್ದೆ, ಆಮೇಲೆ ಆ ಸ್ಟೂಲಿನ ಮೇಲೆಯೇ ಕೂತು ಚಾ ಕುಡಿಯುತ್ತಿದ್ದೆ.

"ಹಳೇ ಗಾಡಿ ಅಲ್ದಾ ಅಕ್ಕಾ" ಎಂದ ಅವನು, ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಾ. "ಇವತ್ತು ಪ್ಲಗ್ಗಿನ ವೈರ್ ಬದಲ್ಸಿ ನೋಡ್ವ. ಅದ್ರದೇ ಇರ್ಬೇಕು."

ಬದಲಿಸಿದ. ಗಡಿಬಿಡಿ ಇಲ್ಲದೆ, ಒಳ್ಳೆಯ ಕೆಲಸಗಾರನ ಹಾಗೆ, ನೂಲು ಸುತ್ತಿ ಎಡಕ್ಕೆ ವಾಲುವ ಕುಣಿಕೆ ಹಾಕಿ ಬದಲಿಸಿದ. ನಾನು ನೋಡುತ್ತಾ ನಿಂತೆ. ಆಮೇಲೆ ಒಳಗೆ ಕೂತು ಇಂಜಿನ್ ಚಾಲೂ ಮಾಡಿ ರೇಡಿಯೋ ಹಾಕಿದ. ಕಾರವಾರದ ಆಕಾಶವಾಣಿಯಲ್ಲಿ ಒಬ್ಬರು ತೆಂಗಿನ ರೋಗದ ಬಗ್ಗೆ ಮಾತಾಡುತ್ತಿದ್ದರು. ಒಂದೊಂದು ಮಾತೂ ಹೊಳೆನೀರಿನಷ್ಟು ತಿಳಿಯಾಗಿತ್ತು.

ಗಿರೀಶ ಕಾದ. ಸದ್ದು ಬರಲಿಲ್ಲ. ವಾಲ್ಯೂಮ್ ಏರಿಸಿದ. ಬರಲಿಲ್ಲ. ರಿಪೇರಿ ಮಾಡಿದವನಿಗೆ ಖುಷಿಯಾಗಬೇಕಿತ್ತು. ಆದರೆ ಅವನ ಕಣ್ಣು ತಾನಾಗಿ ಎಡಬದಿಯ ಡಬ್ಬಿಯ ಕಡೆ ತಿರುಗಿತು.

ಅಷ್ಟರಲ್ಲಿ ಬೆಂಚಿನ ಮೇಲಿನ ಸ್ಪೀಕರುಗಳು ಗೊರಗುಟ್ಟಿದವು. ‘ಟಿಟಿಟ್ ಟಿಟಿಟ್ ಟಿಟಿಟ್, ಬುರ್ರ್.’

ಅವನು ಇಳಿದು ಬಂದು ಪೊಟ್ಟಣ ಬಿಚ್ಚಿದ. ಹೂವನ್ನು ಸರಿಸಿದ. ಪೆಟ್ಟಿಗೆಯನ್ನು ಮುಟ್ಟಲಿಲ್ಲ.

"ಭಾವ ಕೇಳ್ದ್ರು ಅಕ್ಕಾ" ಎಂದ. "ಇಲ್ಲ ಹೇಳುಕೆ ಆಗ್ಲಿಲ್ಲ. ಗಾಡಿ ಕಳವು ಆದ್ರೆ ಸಿಕ್ತದೆ ಹೇಳಿ."

"ಈ ಗಾಡಿ ಯಾವ ಕಳ್ಳಂಗೆ ಬೇಕು?"

ಅವನು ಎಲೆಯ ಮೇಲಿನ ಮಾಲೆಯನ್ನು ಕೈಗೆ ಎತ್ತಿಕೊಂಡ.

"ಭಾವ ಕೇಳ್ದ್ರು, ನೀ ಹಾಕ್ದೆ. ಆತು. ನಂಗೊಂದು ಮಾತು ಹೇಳುಕೆ ಬಾಯಿಲ್ಲಾಗಿತ್ತಾ? ಹೆಡ್‌ಲೈಟ್ ಮಾಡ್ತೆ ಹೇಳಿ ಇದನ್ನ ಹಾಕ್ದೆ. ಮತ್ತೆ ನನ್ನ ಕೈಯಲ್ಲಿ ಟಾರ್ಚ್ ಕೊಟ್ಟು ನಾಟಕ ಆಡ್ದೆ."

"ನಿನ್ನ ಒಳ್ಳೇದಕ್ಕೇ ಅಕ್ಕಾ. ಒಬ್ಳೇ ತಿರುಗ್ತೆ, ಜನ ಒಂದೊಂದು ಮಾತಾಡ್ತ್ರು. ಭಾವಂಗೆ ತಲೆಬಿಸಿ ಇರ್ತದೆ."

"ಹಾಂಗಾದ್ರೆ ಅವ್ರು ದಿನಾ ಮೊಬೈಲ್ ನೋಡ್ಕಂಡು ಕೂತಿರ್ತಿದ್ರಾ, ನಾ ಎಲ್ಲಿದ್ದೆ ಹೇಳಿ?"

ಗಿರೀಶ ನೆಲ ನೋಡಿದ. ಅವನ ಕೈಯಲ್ಲಿ ಮಲ್ಲಿಗೆ ಮಾಲೆ ಹಾಗೇ ಇತ್ತು. "ಭಾವಂಗೆ ಆ ಆಪ್ ಸರಿಯಾಗಿ ನೋಡುಕೆ ಬರುದಿಲ್ಲ" ಎಂದ. "ನನ್ನ ಫೋನಲ್ಲಿ ಅದೆ. ನಾನೇ ನೋಡಿ ಹೇಳ್ತಿದ್ದೆ."

ಅಲ್ಲಿಯವರೆಗೆ ನನ್ನ ಮನಸ್ಸಿನ ಮೂಲೆಯಲ್ಲಿ ಅವನಿಗೆ ಒಂದು ಜಾಗ ಉಳಿದಿತ್ತು. ಭಾವನ ದಾಕ್ಷಿಣ್ಯಕ್ಕೆ ಸಿಕ್ಕಿ ಮಾಡಿದ, ಮಾಡಿ ಪೇಚಾಡಿದ, ಹೇಳಲು ಹೆದರಿದ ಎಂದು. ನೋಡುತ್ತಿದ್ದವನೇ ಇವನು. ನಾನು ಈ ಸ್ಟೂಲಿನ ಮೇಲೆ ಕೂತು ಚಾ ಕುಡಿದು ಹೊರಟ ಮೇಲೆ ನನ್ನ ಹಿಂದೆಯೇ ಫೋನ್ ತೆಗೆದು ನಾನು ಯಾವ ತಿರುವಿನಲ್ಲಿ ತಿರುಗಿದೆ ಎಂದು ನೋಡುತ್ತಿದ್ದವನು. ಲೆಕ್ಕ ಕೇಳದ ತಮ್ಮ ಎಂದು ನಾನು ಹೆಮ್ಮೆ ಪಟ್ಟಿದ್ದೆ. ಕೇಳುವ ಅಗತ್ಯವೇ ಅವನಿಗೆ ಇರಲಿಲ್ಲ.

ಏನೋ ಹೇಳಲು ಬಾಯಿ ತೆರೆದೆ. ಅವನು ನನಗಿಂತ ಮೊದಲು ಮಾತಾಡಿದ. ತಗ್ಗಿದ ದನಿಯಲ್ಲಿ, ಅಮ್ಮನ ಎದುರು ಮಾಲೆ ಹಿಡಿದು ನಿಲ್ಲುತ್ತಿದ್ದ ಹಾಗೆಯೇ ನಿಂತು.

"ಅಕ್ಕಾ, ಬೈಬ್ಯಾಡ. ಒಂದು ಮಾತು ಕೇಳ್ತೆ. ಕತಗಾಲದಿಂದ ಬರ್ತಾ ಆ ಹೊಳೆ ಬದಿ ನಿಲ್ತ್ಯಲ್ಲ, ಅಲ್ಲಿಗೆ ಯಾರು ಬರುದು?"

ಕೈಗೆ ಸಿಕ್ಕಿಬಿದ್ದ ಮೇಲೂ, ಮುಖ ಕೆಳಗೆ ಹಾಕಿಕೊಂಡು ನಿಂತ ಮೇಲೂ ಅವನಿಗೆ ಬೇಕಾಗಿದ್ದದ್ದು ಅದು. ಯಾರೂ ಇಲ್ಲ ಎಂಬ ಉತ್ತರ ನನ್ನ ಗಂಟಲವರೆಗೆ ಬಂತು. ಅಷ್ಟು ಹೇಳಿದ್ದರೆ ಸಾಕಿತ್ತು, ಅವನು ನಂಬುತ್ತಿದ್ದನೋ ಏನೋ. ಆದರೆ ಅಷ್ಟು ಹೇಳಿದರೆ ಆ ತಾಸಿನ ಲೆಕ್ಕವನ್ನೂ ನಾನು ಕೊಟ್ಟ ಹಾಗೆ ಆಗುತ್ತಿತ್ತು. ಇವನಿಗೆ ಅದನ್ನು ಕೊಡಬಾರದು ಅನ್ನಿಸಿತು. ಅನುಮಾನಪಟ್ಟುಕೊಂಡೇ ಇರಲಿ.

"ಹೂ ಅಂಕಿತಾಗೆ ಕೊಡು. ಬಾಡ್ತದೆ" ಎಂದೆ. ಪೆಟ್ಟಿಗೆಯನ್ನು ಅವನ ಬೆಂಚಿನ ಮೇಲೆಯೇ ಬಿಟ್ಟು ವ್ಯಾನು ಹತ್ತಿದೆ. ಹಿಂದೆ ಸ್ಪೀಕರುಗಳು ಇನ್ನೊಮ್ಮೆ ಗೊರಗುಟ್ಟಿದ್ದು ಕೇಳಿಸಿತು. ಅವನು ಅಕ್ಕಾ ಎಂದು ಕರೆದದ್ದೂ ಕೇಳಿಸಿತು. ತಿರುಗಿ ನೋಡಲಿಲ್ಲ.

ಕುಮಟೆಯಲ್ಲಿ ಹೂ ಇಳಿಸಿದೆ. ಅಂಗಡಿಯವನು ಎಂತ ಅಕ್ಕೋರೆ, ಮುಖ ಸಣ್ಣಗೆ ಎಂದ. ಬಿಸಿಲು ಎಂದೆ. ಮನೆಗೆ ಹೋಗಿ ದಿವಾಕರನ ಹತ್ತಿರ ಮಾತಾಡುವುದಿದೆ. ಆಡುತ್ತೇನೆ, ಓಣಿಯವರೆಲ್ಲ ಕೇಳುವ ಹಾಗೆ ಆಡುತ್ತೇನೆ. ಗಂಡನ ಹತ್ತಿರ ಜಗಳವಾಡಲು ನನ್ನ ಹತ್ತಿರ ಬೇಕಾದಷ್ಟು ಮಾತುಗಳಿವೆ, ಹಳೆಯವೂ ಇವೆ. ಆಮೇಲೆ ಹೋಗಿ ಕೂರಲು ಒಂದು ಸ್ಟೂಲು ಇಲ್ಲ, ಅಷ್ಟೇ.

ನಾರು ಬೇಕಾಗಿರಲಿಲ್ಲ. ಆದರೂ ಸಿರ್ಸಿ ರಸ್ತೆಗೆ ತಿರುಗಿಸಿದೆ. ಮಾವಿನ ಮ‌ರದ ಕೆಳಗೆ ವ್ಯಾನು ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಸೀಟು ಹಿಂದಕ್ಕೆ ಬಾಗಿಸಿ, ಚಪ್ಪಲಿ ಬಿಟ್ಟೆ. ರೇಡಿಯೋ ಹಾಕಿದೆ. ಒಂದು ಹಳೆಯ ಹಾಡು ಬಂತು. ಒಂದು ಚೂರೂ ಗೊರಗುಟ್ಟು ಇಲ್ಲ. ಹಾಡುವವಳು ನಡುವೆ ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತಿತ್ತು. ಇಷ್ಟು ಚೆನ್ನಾಗಿ ನನ್ನ ರೇಡಿಯೋ ಯಾವತ್ತೂ ಹಾಡಿರಲಿಲ್ಲ. ಗಿರೀಶ ಹಾಕಿದ ಫಿಲ್ಟರ್, ಹೊಸ ಆಂಟೆನಾ, ಎಲ್ಲ ಒಳ್ಳೆಯ ಸಾಮಾನೇ ಇರಬೇಕು.

ಕಣ್ಣು ಮುಚ್ಚಿದೆ. ಮುಚ್ಚಿಕೊಂಡಿರಲಾಗಲಿಲ್ಲ. ಹೊನ್ನಾವರದಲ್ಲಿ ಒಬ್ಬ ಫೋನ್ ಹಿಡಿದುಕೊಂಡು ನೋಡುತ್ತಿದ್ದಾಗ ಈ ಮರದ ಕೆಳಗೆ ನಿಂತ ನಾನು ಅವನಿಗೆ ಹೇಗೆ ಕಂಡಿರಬಹುದು ಎಂದೇ ಯೋಚನೆ ಬರುತ್ತಿತ್ತು. ಒಂದು ಚುಕ್ಕೆ, ಅಲ್ಲಾಡದೆ ನಿಂತ ಒಂದು ಚುಕ್ಕೆ, ಅದರ ಪಕ್ಕದಲ್ಲಿ ಅವನೇ ಕಲ್ಪಿಸಿಕೊಂಡ ಯಾವನೋ ಒಬ್ಬ. ಇಷ್ಟು ವರ್ಷ ಇಲ್ಲಿ ಕೂತಿದ್ದೇನೆ, ರಸ್ತೆಯ ಕಡೆ ಒಮ್ಮೆಯೂ ನೋಡಿದವಳಲ್ಲ. ಈಗ ಕನ್ನಡಿಯಲ್ಲಿ ರಸ್ತೆಯನ್ನೇ ನೋಡುತ್ತಿದ್ದೆ.

ದೂರದ ತಿರುವಿನ ಆಚೆ ಒಂದು ಬೈಕಿನ ಸದ್ದು ಬಂದ ಹಾಗಾಯಿತು. ಹೊನ್ನಾವರದ ಕಡೆಯಿಂದಲೋ, ತೋಟದ ಕಡೆಯಿಂದಲೋ ಗೊತ್ತಾಗಲಿಲ್ಲ. ಸರಿಯಾಗಿ ಕೇಳಿಸಲಿ ಎಂದು ಕೈ ಚಾಚಿ ರೇಡಿಯೋವನ್ನು ನಾನೇ ಬಂದ್ ಮಾಡಿದೆ.